ನಮ್ಮ ಭಾವನ ಮಿಲಿಟರಿ ಟ್ರೇಲರ್

ನಮ್ಮ ಭಾವನ ಬಳಿ ಕಾರಿಲ್ಲ. ಜೀಪಿಲ್ಲ. ಟ್ರ್ಯಾಕ್ಟರ್ ಅಂತೂ ಇಲ್ಲವೇ ಇಲ್ಲ. ಇರುವುದು ಒಂದು ಹಳೆಯ ಸ್ಕೂಟರ್. ಅದೂ ಕಿಕ್ ಹೊಡೆದರೆ ಒಮ್ಮೆ ಕೆಮ್ಮಿ ಸುಮ್ಮನಾಗುವಂಥದ್ದು. ಆದರೂ ಇಡೀ ಬಳ್ಳಾರಿಯಲ್ಲಿ, ಮಿಲಿಟರಿ ಜೀಪಿನ ಹಿಂದೆ ಕಟ್ಟಿ ಸಾಮಾನು ಸಾಗಿಸುವ ಟ್ರೇಲರನ್ನು ಮನೆಯ ಅಂಗಳದಲ್ಲಿ ಇಟ್ಟುಕೊಂಡ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಭಾವ ಒಬ್ಬರೇ! “ಎಳಿಯಾಕ ಏನೂ ಇಲ್ಲ, ಇದನ್ನ ಯಾಕ ತಂದ್ರಿ ಭಾವ?” ಎಂದು ನಾನು ಕೇಳಿದ್ದೆ.

“ಎಳಿಯೋದು ಯಾವಾಗ ಬೇಕಾದ್ರೂ ಸಿಗ್ತೈತಮ್ಮ. ಇಂಥಾ ಟ್ರೇಲರ್ ಸಿಗಬೇಕಲ್ಲ!” ಎಂದರು.

ಇದಕ್ಕೆ ನೀವಾದರೂ ಏನು ಉತ್ತರ ಕೊಡುತ್ತಿದ್ದಿರಿ?

ಭಾವ ಎಂದರೆ ನಮ್ಮಕ್ಕನ ಗಂಡ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದವರು. ಅವರು ನಿವೃತ್ತರಾದರೂ ಅವರ ಕಣ್ಣು ಮಾತ್ರ ನಿವೃತ್ತವಾಗಲಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಗೋಡೆಯ ಮೇಲೆ ವಾಲಿದ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ, ಆಮೇಲೆ ಎಲೆಯ ಮುಂದೆ ಕೂರುವವರು. ಒಂದು ಹಬ್ಬದಲ್ಲಿ ಅಕ್ಕ ಮಾಡಿದ ಹೋಳಿಗೆ ದುಂಡಗಿಲ್ಲವೆಂದು ಕಂಪಾಸ್ ಪೆಟ್ಟಿಗೆ ತೆಗೆದುಕೊಂಡು ಅಡುಗೆಮನೆಗೇ ಬಂದಿದ್ದರು. ಕಂಪಾಸ್ ಪೆಟ್ಟಿಗೆ ಕಿಟಕಿಯಿಂದ ಹಿತ್ತಲಿಗೆ ಹೋಯಿತು. ಹೋಳಿಗೆಗಳು ಮಾತ್ರ, ದುಂಡಗಿಲ್ಲದಿದ್ದರೂ, ಒಂದೂ ಉಳಿಯದಂತೆ ಅವರ ಹೊಟ್ಟೆಗೆ ಹೋದವು.

ಅಕ್ಕನ ಬಾಯಿ ಎಂದರೆ ಬಾಯಿ. ಆಕೆ ಗೇಟಿನಲ್ಲಿ ನಿಂತು ತರಕಾರಿಯವನ ಜೊತೆ ಮಾತಾಡಿದರೆ, ಬದನೆಕಾಯಿ ಹುಳುಕು ಎಂಬ ಸುದ್ದಿ ಹಿಂದಿನ ಬೀದಿಯವರಿಗೂ ತಲುಪುತ್ತಿತ್ತು. ಮನೆಯಲ್ಲಿ ಅವರಿಬ್ಬರೇ. ಮಾತೆಲ್ಲ ಅಕ್ಕನದು, ಗೆರೆಯೆಲ್ಲ ಭಾವನದು. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಈ ಟ್ರೇಲರ್ ಸಿಕ್ಕಿದ್ದು ಸಿರುಗುಪ್ಪದಲ್ಲಿ. ಯಾರದೋ ಗೃಹಪ್ರವೇಶಕ್ಕೆಂದು ನನ್ನ ಜೊತೆ ಹೋಗಿದ್ದ ಭಾವ, ಊಟವಾದ ಮೇಲೆ ಕೈತೊಳೆಯಲು ನೀರು ಹುಡುಕುತ್ತ ಪಕ್ಕದ ಅಕ್ಕಿ ಗಿರಣಿಯ ಹಿಂದಕ್ಕೆ ಹೋದರು. ಅಲ್ಲಿ ಹೊಟ್ಟಿನ ರಾಶಿಯ ಪಕ್ಕದಲ್ಲಿ ಒಂದು ತಗಡಿನ ತೊಟ್ಟಿ. ಒಂದೇ ಗಾಲಿ. ಇನ್ನೊಂದು ಕಡೆ ಗಾಲಿಯ ಬದಲು ಕಲ್ಲು. ತೊಟ್ಟಿಯ ತುಂಬ ಕೋಳಿಗಳು. ಬೇರೆ ಯಾರಾದರೂ ಆಗಿದ್ದರೆ ಕೋಳಿ ನೋಡುತ್ತಿದ್ದರು. ಭಾವ ಕೈತೊಳೆಯುವುದನ್ನೂ ಮರೆತು ತೊಟ್ಟಿಯನ್ನು ನೋಡುತ್ತ ನಿಂತರು.

“ಎಂಥಾ ಗೆರಿ ಐತಿ ನೋಡಮ್ಮ,” ಎಂದು ನನ್ನನ್ನೂ ಕರೆದು ತೋರಿಸಿದರು. “ಬೇಕಾದಷ್ಟ ಐತಿ. ಒಂದೂ ಹೆಚ್ಚಿಗಿ ಇಲ್ಲ.”

ನನಗೆ ಕಂಡದ್ದು ತುಕ್ಕು ಮತ್ತು ಹಿಕ್ಕೆ.

ಗಿರಣಿಯ ಮಾಲೀಕರು ಒಳ್ಳೆಯವರು. ಅವರ ತಂದೆ ಯಾವುದೋ ಕಾಲದಲ್ಲಿ ಮಿಲಿಟರಿಯವರ ಹರಾಜಿನಲ್ಲಿ ತಂದದ್ದಂತೆ. “ಒಯ್ಯಿರಿ ಮಾಸ್ತರ, ಜಾಗಾ ಖಾಲಿ ಆಗ್ತೈತಿ. ಬದಲಿಗೆ ನಮ್ಮ ಗಿರಣಿ ಗೋಡಿ ಮ್ಯಾಲೆ ಒಂದು ಲಕ್ಷ್ಮಿ ಚಿತ್ರ ಬರದು ಕೊಡ್ರಿ,” ಎಂದರು. ಆದರೆ ಅವರ ತಾಯಿ ಒಪ್ಪಲಿಲ್ಲ. “ನನ್ನ ಕೋಳಿ ಎಲ್ಲಿಗೆ ಹೋಗಬೇಕು?” ಎಂದು ಅಡ್ಡ ನಿಂತರು. ನ್ಯಾಯವಾದ ಪ್ರಶ್ನೆಯೇ! ಹಾಗಾಗಿ ಭಾವ ಮೊದಲು ಕೋಳಿಗಳಿಗೆ ನಕಾಶೆ ಬರೆದು, ಗಾಳಿ ಬೆಳಕು ಲೆಕ್ಕ ಹಾಕಿ, ಹೊಸ ಗೂಡು ಕಟ್ಟಿಸಿಕೊಟ್ಟರು. ಆಮೇಲೆ ಲಕ್ಷ್ಮಿಯನ್ನು ಬರೆದರು. ಲಕ್ಷ್ಮಿಯ ಮುಖ ಯಾಕೋ ಮಾಲೀಕರ ತಾಯಿಯ ಹಾಗೆಯೇ ಬಂತು. ಆ ಅಜ್ಜಿ ಅದನ್ನು ನೋಡಿದ ಮೇಲೆ ಟ್ರೇಲರ್ ಬಗ್ಗೆ ಮತ್ತೆ ಒಂದು ಮಾತೂ ಎತ್ತಲಿಲ್ಲ.

ಗಿರಣಿಯವರದೇ ಟ್ರ್ಯಾಕ್ಟರಿನಲ್ಲಿ ಟ್ರೇಲರನ್ನು ಹೇರಿಕೊಂಡು ಭಾವ ಬಳ್ಳಾರಿಗೆ ಬಂದರು. ಗೇಟಿನ ಮುಂದೆ ನಿಂತಾಗ ಗೊತ್ತಾಯಿತು, ಗೇಟಿಗಿಂತ ಟ್ರೇಲರ್ ಅಗಲ. ಇಷ್ಟು ವರ್ಷ ಅಳತೆ ಕಲಿಸಿದ ಮನುಷ್ಯ ಗೇಟನ್ನು ಅಳೆದಿರಲಿಲ್ಲ! ಗೇಟು ಕಳಚಿದರು. ಆಗಲೂ ಹಿಡಿಸಲಿಲ್ಲ. ಕಡೆಗೆ ಒಂದು ಕಂಬವನ್ನೇ ಕೆಡವಿದರು. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು.

“ರೀ, ಮನಿ ಗ್ವಾಡಿ ಒಂದ ಯಾಕ ಬಿಟ್ರಿ? ಅದನ್ನೂ ಕೆಡವಿಬಿಡ್ರಿ, ನಡುಮನಿಯಾಗ ನಿಂದ್ರಸಬಹುದು!”

“ನಡುಮನಿಯಾಗ ಬೆಳಕು ಕಡಿಮಿ ಐತಿ,” ಎಂದರು ಭಾವ, ಯೋಚಿಸಿಯೇ.

ಅಷ್ಟರಲ್ಲಿ ಟ್ರೇಲರಿನ ಮೂಲೆಯ ಹುಲ್ಲಿನಿಂದ ಒಂದು ಕೋಳಿ ಎದ್ದು, ರೆಕ್ಕೆ ಝಾಡಿಸಿ, ಅಕ್ಕನನ್ನು ನೋಡಿ ಕೊಕ್ಕೊಕ್ಕೋ ಎಂದಿತು. ಹೊಸ ಮನೆ ಬೇಡವೆಂದು ಹಳೆಯ ಮನೆಯ ಜೊತೆಯೇ ಬಂದ ಕೋಳಿ! ಸೋಮವಾರ ಈರುಳ್ಳಿಯನ್ನೂ ಮುಟ್ಟದ ನಮ್ಮಕ್ಕನ ಅಂಗಳದಲ್ಲಿ ಕೋಳಿ! ಅಂದು ಆಕೆ ಆಡಿದ ಮಾತುಗಳನ್ನು ಇಲ್ಲಿ ಬರೆದರೆ ಸಂಪಾದಕರು ಬಿಡಲಾರರು. ಮರುದಿನ ವೆಲ್ಡಿಂಗ್ ಕೆಲಸಕ್ಕೆಂದು ಕೌಲ್ ಬಜಾರಿನಿಂದ ಬಂದ ಹುಸೇನ್ ಸಾಬರು ಆ ಕೋಳಿಯನ್ನು ತಮ್ಮ ಮನೆಗೆ ಒಯ್ದರು. ಅದರ ಮುಂದಿನ ಕಥೆಯನ್ನು ಅಕ್ಕ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಹುಸೇನ್ ಸಾಬರು ಭಾವನ ಬಹಳ ಕಾಲದ ಗೆಳೆಯರು. ಟ್ರೇಲರಿನ ಸುತ್ತ ಒಂದು ಸುತ್ತು ಹಾಕಿ, ತಳದ ತೂತಿನಲ್ಲಿ ಕೈ ತೂರಿಸಿ ನೋಡಿ ಕೇಳಿದರು: “ಸರ, ಇದು ಯುದ್ಧಕ್ಕ ಹೋಗಿತ್ತೋ, ಯುದ್ಧನ ಇದರಾಗ ನಡದಿತ್ತೋ?”

ಕೆಲಸ ಶುರುವಾಯಿತು. ಕೊಳೆತ ತಳವನ್ನು ಕತ್ತರಿಸಿ ಹೊಸ ತಗಡು ಕೂರಿಸಿದರು. ಭಾವ ಉಪ್ಪುಕಾಗದ ಹಿಡಿದು ಹಳೆಯ ಬಣ್ಣ ತಿಕ್ಕಿ ತೆಗೆದರು. ಮೇಲೆ ಗಿರಣಿಯವರ ನೀಲಿ, ಅದರ ಕೆಳಗೆ ಯಾರದೋ ಹಳದಿ, ಅದರ ಕೆಳಗೆ ಮಾಸಿದ ಹಸಿರು. ಹಸಿರಿನ ಮೇಲೆ ಬಿಳಿ ಬಣ್ಣದಲ್ಲಿ ಅರ್ಧ ಅಳಿಸಿದ ಅಂಕಿಗಳು. ಅಂಕಿ ಕಂಡ ದಿನ ಭಾವ ಊಟ ಮಾಡಲಿಲ್ಲ. ಟ್ರೇಸಿಂಗ್ ಹಾಳೆ ಇಟ್ಟು ಒಂದೊಂದೇ ಅಂಕಿಯನ್ನು ಎತ್ತಿಕೊಂಡರು.

ಆಮೇಲೆ ಆ ಹಸಿರು! ಬ್ರೂಸ್‌ಪೇಟೆಯ ಬಣ್ಣದ ಅಂಗಡಿಯವರು ಭಾವ ದೂರದಲ್ಲಿ ಕಂಡರೆ ಸಾಕು, ಷಟರ್ ಎಳೆಯುವುದೊಂದು ಬಾಕಿ. ಇದು ಬೇವಿನ ಹಸಿರು, ಇದು ಗಿಳಿಯ ಹಸಿರು, ಇದು ಪಾಲಕ್ ಎಂದು ಡಬ್ಬಿಗಳನ್ನು ವಾಪಸ್ ಮಾಡಿ ಮಾಡಿ, ಉಳಿದ ಬಣ್ಣಗಳನ್ನು ಹಿತ್ತಲ ಬಾಗಿಲ ಮೇಲೆ ಬಳಿದು ನೋಡಿದರು. ಬಾಗಿಲು ಜ್ವರ ಬಂದ ಊಸರವಳ್ಳಿಯಂತಾಯಿತು. ಬೀದಿಯಲ್ಲಿ ಬೇರೆಯೇ ಸುದ್ದಿ. ಎದುರು ಮನೆಯ ಅಜ್ಜ ಬಂದು ತಗ್ಗಿದ ದನಿಯಲ್ಲಿ, “ಮಾಸ್ತರ, ಮಿಲಿಟರಿ ಕ್ಯಾಂಟೀನ್ ಸಾಮಾನು ನಿಮ್ಮ ಮನ್ಯಾಗ ಸಿಗ್ತಾವಂತಲ್ಲ?” ಎಂದು ವಿಚಾರಿಸಿ ಹೋದ.

ಬಣ್ಣವಾದರೂ ಸಿಕ್ಕಿತು, ಎರಡನೆಯ ಗಾಲಿ ಸಿಗಬೇಕಲ್ಲ? ಅದು ಸಿಕ್ಕಿದ್ದು ಕುರುಗೋಡಿನಲ್ಲಿ. ಅಂದು ಭಾವ, ಅಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ದೊಡ್ಡ ಬಸವಣ್ಣನ ದರ್ಶನಕ್ಕೆ ಹೋಗಿದ್ದರು. ಅಕ್ಕ ಗುಡಿಯ ಒಳಗೆ ಹೋದಳು. ಭಾವ ಕಾಯಿ ತರುತ್ತೇನೆಂದು ಓಣಿಗೆ ಇಳಿದರು. ಅಲ್ಲೊಂದು ಮನೆಯ ಮುಂದೆ ನೀರಿನ ಗಡಿಗೆಯನ್ನು ಒಂದು ಕಬ್ಬಿಣದ ರಿಮ್ಮಿನ ಮೇಲೆ ಇಟ್ಟಿದ್ದರು. ಅದೇ ಅಳತೆ, ಅದೇ ತೂತುಗಳು! ಮನೆಯವರನ್ನು ಮಾತಾಡಿಸಿ, ಗಡಿಗೆಗೆ ಬೇರೆ ಆಸರೆ ಮಾಡಿಕೊಟ್ಟು, ರಿಮ್ಮನ್ನು ಸ್ಕೂಟರಿಗೆ ಕಟ್ಟಿಕೊಂಡು ಹಾಡು ಗುನುಗುತ್ತ ಬಳ್ಳಾರಿಗೆ ಬಂದುಬಿಟ್ಟರು.

ಹೋಗುವಾಗ ಹಿಂದಿನ ಸೀಟಿನ ಮೇಲೆ ಅಕ್ಕ. ಬರುವಾಗ ರಿಮ್ಮು.

ಅಕ್ಕ ಬಸ್ಸಿನಲ್ಲಿ ಬಂದಳು. ಭಾವ ಅಂಗಳದಲ್ಲಿ ರಿಮ್ಮು ತಿಕ್ಕುತ್ತ ಕೂತಿದ್ದವರು ತಲೆಯೆತ್ತಿ, “ಎಲ್ಲಿಗೆ ಹೋಗಿದ್ದಿ?” ಎಂದು ಕೇಳಿದರಂತೆ.

ಇಲ್ಲಿಯವರೆಗೆ ನಗುತ್ತ ಹೇಳಿದೆ. ಮುಂದೆ ಆದದ್ದನ್ನೂ ಹೇಳಬೇಕು.

ಟ್ರೇಲರಿಗೆ ಮೊದಲ ಕೋಟು ಬಣ್ಣ ಬಿದ್ದ ಹೊತ್ತಿಗೆ ಅಕ್ಕನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಒಲೆಯ ಮುಂದೆ ನಿಂತವಳು ಹಾಗೆಯೇ ಕುಸಿದಳು. ಆಸ್ಪತ್ರೆಗೆ ಬೇಗ ಸೇರಿಸಿದ್ದರಿಂದ ಜೀವ ಉಳಿಯಿತು. ಬಲಗೈ ಬಲಗಾಲು ಮೆಲ್ಲಗೆ ಹಿಡಿತಕ್ಕೆ ಬಂದವು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ಆಕೆಗೆ ತಿಳಿಯುತ್ತಿತ್ತು. ಬಾಯಿ ತೆರೆದರೆ ಬೇಕಾದ ಶಬ್ದ ಸಿಗದೆ ತುಟಿ ನಡುಗುತ್ತಿತ್ತು. ಆ ನಾಚಿಕೆಗೋ ಸಿಟ್ಟಿಗೋ, ಸ್ವಲ್ಪ ದಿನದಲ್ಲಿ ಪ್ರಯತ್ನವನ್ನೇ ಬಿಟ್ಟಳು. “ಮಾತಾಡಿಸ್ತಾ ಇರ್ರಿ, ಈಗ ಬಿಟ್ರ ಮುಂದ ಕಷ್ಟ,” ಎಂದು ಡಾಕ್ಟರು ಹೇಳಿದರು. ಯಾರು ಮಾತಾಡಿಸಿದರೂ ಆಕೆ ಗೋಡೆಯ ಕಡೆ ತಿರುಗುತ್ತಿದ್ದಳು.

ನಾನು ಅವರ ಮನೆಗೇ ಬಂದು ಇದ್ದೆ. ಅಷ್ಟು ಸದ್ದಿನ ಮನೆಯಲ್ಲಿ ಗಡಿಯಾರದ ಸದ್ದು ಕೇಳುತ್ತಿತ್ತು. ಟ್ರೇಲರಿನ ಮೇಲೆ ತಾಡಪತ್ರಿ ಹೊದಿಸಿ ಭಾವ ಅಕ್ಕನ ಮಂಚದ ಪಕ್ಕ ಕೂತುಬಿಟ್ಟರು. ಮಾತು ಕಲಿಸಲು ಬರುತ್ತಿದ್ದ ಹೆಣ್ಣುಮಗಳು ಮಾವಿನಹಣ್ಣು, ಆಕಳು, ಛತ್ರಿ ಎಂದು ಚಿತ್ರ ತೋರಿಸಿ ಹೆಸರು ಹೇಳಿಸಲು ನೋಡುತ್ತಿದ್ದಳು. ಅಕ್ಕ ನೋಡುತ್ತಿರಲಿಲ್ಲ. ಚಿತ್ರಗಳು ಸರಿಯಿಲ್ಲವೆಂದು ಭಾವ ತಾವೇ ಬರೆದರು. ಅದೆಂಥ ಮಾವಿನಹಣ್ಣು! ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಬಾಯಿ ಬಿಡಲಿಲ್ಲ. ಬಣ್ಣ ತಪ್ಪಿರಬೇಕೆಂದು ಭಾವ ಮತ್ತೆ ಬರೆದರು. ಮರುದಿನ ಮತ್ತೊಂದು.

ಒಂದು ಬೆಳಿಗ್ಗೆ ಅಕ್ಕನ ಕುರ್ಚಿಯನ್ನು ಪಡಸಾಲೆಗೆ ತಂದು, ಅಂಗಳ ಕಾಣುವಂತೆ ಇಟ್ಟೆವು. ಭಾವ ಸುಮ್ಮನೆ ತಾಡಪತ್ರಿ ಸರಿಸಿದರು. ಗಾಲಿ ಬಿಚ್ಚಿದರು. ಗ್ರೀಸ್ ಡಬ್ಬಿ ತೆರೆದರು. ಆಮೇಲೆ ಒಳಗೆ ಹೋಗಿ, ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಬಂದರು. ನೋಡಿದರೆ ಅದು ಅಕ್ಕನ ಕಪ್ಪಂಚಿನ ಇಳಕಲ್ ಸೀರೆ! ವರ್ಷಕ್ಕೊಮ್ಮೆ ಉಟ್ಟು, ಬೇವಿನೆಲೆ ಇಟ್ಟು ಮಡಚುವ ಸೀರೆ. ಭಾವ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದರ ಸೆರಗನ್ನು ಕೈಗೆ ಸುತ್ತಿಕೊಂಡು, ಗ್ರೀಸ್ ಮೆತ್ತಿದ ಬೇರಿಂಗಿನ ಕಡೆ ಕೈ ಚಾಚಿದರು.

“ಸೀ… ಸೀ… ಸೀರಿ!”

ನಾನು ಚಹಾದ ಲೋಟ ಕೆಳಗಿಟ್ಟು ಎದ್ದೆ.

ಭಾವ ತಿರುಗಿ ನೋಡಿದರು. “ಏನಂದಿ?”

“ಸೀರಿ!”

“ಯಾವ ಸೀರಿ?”

ಅಕ್ಕನ ಮುಖ ಕೆಂಪಗಾಯಿತು. ಎಡಗೈಯಿಂದ ಕುರ್ಚಿಯ ತೋಳು ಗುದ್ದಿ, “ನಂದು!” ಎಂದಳು.

ಆಮೇಲೆ ನಾನು ಭಾವನನ್ನು ಹಿತ್ತಲಿಗೆ ಕರೆದು, ಬೇಕೆಂದೇ ಮಾಡಿದಿರಾ ಎಂದು ಕೇಳಿದೆ. “ಗ್ರೀಸ್ ಒರಸಾಕ ಮೆತ್ತಗಿನ ಬಟ್ಟಿ ಬೇಕಾಗಿತ್ತಮ್ಮ,” ಎಂದರು. ಹೆಂಡತಿಯನ್ನೇ ಗುಡಿಯಲ್ಲಿ ಮರೆತುಬಂದ ಮನುಷ್ಯ. ನಂಬಬಹುದಾಗಿತ್ತು. ಆದರೆ ಮರುದಿನ ಇಡ್ಲಿ ತಟ್ಟೆಯ ಗುಳಿಗಳಲ್ಲಿ ನಟ್ಟು ಬೋಲ್ಟುಗಳನ್ನು ಅಂದವಾಗಿ ಜೋಡಿಸಿಕೊಂಡು ಅಂಗಳಕ್ಕೆ ಬಂದರು. ಅಕ್ಕನಿಂದ “ಇಡ್ಲಿ ತಟ್ಟಿ!” ಎಂಬ ಮಾತು ಬಂತು. ಅದರ ಮರುದಿನ ಲಟ್ಟಣಿಗೆಯಿಂದ ತಗಡು ಬಡಿದರು. ಲಟ್ಟಣಿಗೆ ಎಂಬ ಶಬ್ದದ ಜೊತೆ, ಭಾವನ ಬುದ್ಧಿಯ ಬಗ್ಗೆ ಒಂದು ವಿಶೇಷಣವೂ ಬಂತು. ಹುಸೇನ್ ಸಾಬರೂ ಕೈಜೋಡಿಸಿದರು.

“ಅಕ್ಕಾರ, ಇದಕ್ಕ ಗುಲಾಬಿ ಬಣ್ಣ ಹೊಡದುಬಿಡಾಣೇನ್ರಿ?”

“ಥೂ!”

“ಥೂ ಅಂದ್ರೂ ಮಾತ ಐತ್ರಿ ಸರ, ಲೆಕ್ಕಕ್ಕ ತಗೊಳ್ರಿ!” ಎಂದು ಸಾಬರು ನಕ್ಕರು. ಅಕ್ಕನೂ ನಕ್ಕಳು. ವಾರೆಯಾಗಿ, ಬಾಯಿಯ ಒಂದೇ ಬದಿಯಲ್ಲಿ. ಆದರೂ ನಕ್ಕಳು.

ಹೀಗೆ ಮಸಾಲೆ ಡಬ್ಬಿ, ಜರಡಿ, ರೊಟ್ಟಿಯ ಹಂಚು, ಎಲ್ಲವೂ ಸೈನ್ಯಕ್ಕೆ ಸೇರಿದವು. ಒಂದು ಸಂಜೆ ಭಾವ ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮಕ್ಕನ ಜೀವ ಅಡಿಗಿಮನ್ಯಾಗ ಇನ್ನ ಯಾವುದರ ಮ್ಯಾಲೆ ಐತಿ ಹೇಳಮ್ಮ, ನನಗ ಸಾಮಾನು ಮುಗದಾವು,” ಎಂದರು. ಆಗ ಅವರ ಕಣ್ಣು ನೋಡಿದೆ. ಮತ್ತೆ ಕೇಳುವ ಅಗತ್ಯ ಬೀಳಲಿಲ್ಲ. ಉಪ್ಪಿನಕಾಯಿ ಜಾಡಿ ತೋರಿಸಿಕೊಟ್ಟೆ.

ಹಿಂಗಾರಿನ ಜೋಳ ಮನೆಗೆ ಬರುವ ಹೊತ್ತಿಗೆ ಟ್ರೇಲರ್ ಮುಗಿಯಿತು. ಅದೇ ಹಸಿರು, ಅದೇ ಬಿಳಿ ಅಂಕಿ. ಅಕ್ಕ ಬಿಡಿಬಿಡಿ ಶಬ್ದಗಳಲ್ಲಿ ಬೇಕಾದ್ದನ್ನು ಹೇಳುವಂತಾಗಿದ್ದಳು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ವಾಕ್ಯ ಮಾಡುವುದು ಮಾತ್ರ ಆಗುತ್ತಿರಲಿಲ್ಲ. ಸಿರುಗುಪ್ಪದ ಗಿರಣಿಯವರು ಟ್ರೇಲರ್ ತೋರಿಸಿ ಹೋಗಿರೆಂದು ಹೇಳಿಕಳುಹಿಸಿದರು. ಹುಸೇನ್ ಸಾಬರು ಯಾರದೋ ಹಳೆಯ ಜೀಪು ಕೇಳಿ ತಂದು, ಹಿಂದೆ ಟ್ರೇಲರ್ ಕಟ್ಟಿ, ತಾವೇ ಓಡಿಸಿದರು. ಮುಂದಿನ ಸೀಟಿನಲ್ಲಿ ಅಕ್ಕ, ಹಿಂದೆ ನಾನು, ಭಾವ. ಭಾವ ದಾರಿಯುದ್ದಕ್ಕೂ ಕತ್ತು ತಿರುಗಿಸಿ ಹಿಂದೆಯೇ ನೋಡುತ್ತಿದ್ದರು. ಟ್ರೇಲರಿನಲ್ಲಿ ಚಾಪೆ, ಬುತ್ತಿ ಬುಟ್ಟಿ, ಅಕ್ಕನ ಕೈಕೋಲು.

ಸಿರುಗುಪ್ಪ ಹತ್ತಿರವಾಯಿತು. ರಸ್ತೆಯ ಎರಡೂ ಕಡೆ ಭತ್ತದ ಗದ್ದೆ. ಕಾಲುವೆಯ ಸೇತುವೆಯ ಬಳಿ ರಸ್ತೆ ಕಿತ್ತುಹೋಗಿತ್ತು. ಜೀಪು ದಡ್ಡೆಂದು ಎಗರಿತು. ಹಿಂದೆ ಟ್ರೇಲರೂ ಎಗರಿತು. ಅಕ್ಕ ಸಾಬರ ಕಡೆ ತಿರುಗಿದಳು. ತುಟಿ ಒಮ್ಮೆ ನಡುಗಿ ನಿಂತಿತು.

“ಸಾವಕಾಶ ಹೊಡೀರಿ ಸಾಬರ… ಹಿಂದ ಅದು ಬರಾಕತ್ತೈತಿ.”

ಸಾಬರು ಸಾವಕಾಶ ಮಾಡಲಿಲ್ಲ. ಜೀಪನ್ನೇ ನಿಲ್ಲಿಸಿಬಿಟ್ಟರು.

“ಪಿನ್ನು ಸಡ್ಲ ಆಗೈತೇನೋ, ನೋಡಿ ಬರ್ತೀನಿ,” ಎಂದು ಭಾವ ಇಳಿದು ಹಿಂದಕ್ಕೆ ಹೋದರು. ಟ್ರೇಲರನ್ನು ಜೀಪಿಗೆ ಕೂಡಿಸುವ ಪಿನ್ನು ಇರುವುದು ಟ್ರೇಲರಿನ ಮುಂದೆ. ಅವರು ಅದನ್ನು ದಾಟಿ ಟ್ರೇಲರಿನ ಹಿಂಬದಿಗೆ ಹೋಗಿ, ತಗಡಿನ ಅಂಚಿನ ಮೇಲೆ ಎರಡೂ ಕೈ ಊರಿ, ಗದ್ದೆಯ ಕಡೆ ಮುಖ ಮಾಡಿ ನಿಂತರು. ಬಹಳ ಹೊತ್ತು ಹಾಗೆಯೇ ನಿಂತಿದ್ದರು.

ಅಕ್ಕ ಕನ್ನಡಿಯಲ್ಲಿ ನೋಡುತ್ತಿದ್ದಳು. ಕಡೆಗೆ ನನ್ನ ಕಡೆ ಹೊರಳಿದಳು.

“ಹೋಗು, ಕರಕೊಂಡು ಬಾ,” ಎಂದಳು. ಒಂದು ಉಸಿರು ನಿಂತು, ಮುಂದಿನ ಶಬ್ದ ಹುಡುಕಿ, ಹಿಡಿದು, ಹೇಳಿ ಮುಗಿಸಿದಳು. “ಬಿಸಲಾಗ ನಿಂತಾರ.”