ಇಡ್ಲಿಗೆ ಲೆಕ್ಕ ಬರೆದೆ, ಬೆಣ್ಣೆಗೆ ಬರೆಯಲಿಲ್ಲ

ಹೋಟೆಲು ನಡೆಸುವವರು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ಸಾಕು, ಹಸಿದುಕೊಂಡು ಅದೇ ಒಳಗೆ ಬಂದು ಕೂರುತ್ತದೆ.

ಮೊನ್ನೆ ಮೊಮ್ಮಗಳು ಸದಾಶಿವನಗರದ ನಮ್ಮ ಮನೆಗೆ ಒಂದು ಚೀಸ್ ಬರ್ಗರ್ ತಂದಿದ್ದಳು. ಡಬ್ಬಿಯ ಮೇಲೆ ಅದರಲ್ಲಿ ಎಷ್ಟು ಕ್ಯಾಲೊರಿ, ಎಷ್ಟು ಕೊಬ್ಬು, ಎಷ್ಟು ಪ್ರೋಟೀನು ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಇದನ್ನೆಲ್ಲ ಯಾರೂ ಓದಲ್ಲ ಅಜ್ಜಿ, ಈಗ ಬಂದಿರೋ ಹೊಸ ಕಾನೂನು ಅದು ಅಂದಳು. ಇದು ಹೊಸದಲ್ಲ ಕಣೇ, ಶಿರಾ ಗೇಟಿನಲ್ಲಿ ಹೋಟೆಲು ಇಟ್ಟಿದ್ದಾಗ ನಾನು ಆಗಲೇ ಮಾಡಿದ್ದೆ ಅಂದೆ. ನಂಬಲಿಲ್ಲ. ಅದಕ್ಕೇ ಬರೆದು ಇಡುತ್ತಿದ್ದೇನೆ.

ಎಮ್ಮೆಯ ಪಾಲು

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗಂಡ ತೀರಿಕೊಂಡ ವರ್ಷವೇ ಒಂದು ಇಡ್ಲಿ ಪಾತ್ರೆ ಇಟ್ಟುಕೊಂಡು ಶಿರಾ ಗೇಟಿನಲ್ಲಿ ಕೂತೆ. ಅಕ್ಷರ ಕಲಿಸಿದ್ದು ಎದುರಿಗೆ ನಿಲ್ಲುತ್ತಿದ್ದ ಬಸ್ಸುಗಳು. ಕಂಡಕ್ಟರು ಗುಬ್ಬಿ ಗುಬ್ಬಿ ಎಂದು ಕೂಗುವಾಗ ಬೋರ್ಡು ನೋಡುತ್ತಿದ್ದೆ, ಕುಣಿಗಲ್ ಎಂದಾಗ ಇನ್ನೊಂದು ಬೋರ್ಡು. ವರ್ಷದೊಳಗೆ ಜಿಲ್ಲೆಯ ಊರುಗಳನ್ನೆಲ್ಲ ಓದುತ್ತಿದ್ದೆ. ಝಕಾರ ಇರುವ ಊರಿಗೆ ಬಸ್ಸು ಇಲ್ಲದ ಕಾರಣ ಆ ಒಂದು ಅಕ್ಷರಕ್ಕೆ ಮಾತ್ರ ಎರಡು ವರ್ಷ ಕಾಯಬೇಕಾಯಿತು.

ಬೆಣ್ಣೆ ತರಲು ವಾರಕ್ಕೊಮ್ಮೆ ಗುಬ್ಬಿ ಸಂತೆಗೆ ಹೋಗುತ್ತಿದ್ದೆ. ಒಂದು ಸಲ ಅಲ್ಲಿ ಮಹಿಳಾ ಸಮಾಜದವರು ಹೆಂಗಸರನ್ನೆಲ್ಲ ಕೂರಿಸಿಕೊಂಡಿದ್ದರು. ಬ್ಲಾಕ್ ಆಫೀಸಿನಿಂದ ಗ್ರಾಮಸೇವಿಕೆ ಬಂದಿದ್ದಳು, ಬಿಳಿ ಸೀರೆಯ ಚಿಕ್ಕ ವಯಸ್ಸಿನ ಹುಡುಗಿ. ಯಾವ ಆಹಾರದಲ್ಲಿ ಎಷ್ಟು ಸತ್ವ ಇದೆ ಎಂದು ಚಿತ್ರ ತೋರಿಸಿ ಹೇಳಿದಳು. ಆಮೇಲೆ ಕಡ್ಲೆಕಾಯಿ ಹಿಂಡಿಯ ಹಿಟ್ಟು, ಮೊಳಕೆ ಕಾಳು, ಸೊಪ್ಪು ಎಲ್ಲ ಕಲಸಿ ಬೇಯಿಸಿದ ಒಂದು ಉಂಡೆಯನ್ನು ಎಲ್ಲರ ಕೈಗೂ ಕೊಟ್ಟಳು.

ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಬಹಳ ಹೊತ್ತು ಅಗಿದಳು. ಗ್ರಾಮಸೇವಿಕೆ ಹತ್ತಿರ ಹೋಗಿ ಹೇಗಿದೆ ಎಂದು ಕೇಳಿದಳು.

"ಚೆನ್ನಾಗೈತೆ ಕಣವ್ವ. ನಮ್ಮ ಎಮ್ಮೆಗೂ ಇದ್ನೇ ಇಕ್ಕೋದು. ಅದು ಹೊತ್ತಿಗೆ ಎರಡು ಸೇರು ಹಾಲು ಕೊಡ್ತದೆ. ನಾನೇನು ಕೊಡ್ಲಿ?"

ಒಂದೇ ರೇಟಿನ ಎರಡು ತಿಂಡಿ

ಅವತ್ತು ಗ್ರಾಮಸೇವಿಕೆಯ ಹತ್ತಿರ ಆಹಾರದ ಸತ್ವ ಹೇಳುವ ಒಂದೇ ಒಂದು ಪುಸ್ತಕ ಉಳಿದಿತ್ತು. ಯಾರಿಗೆ ಓದಲು ಬರುತ್ತದೆ ಎಂದಾಗ ನಾನು ಕೈ ಎತ್ತಿದೆ. ಅನುಮಾನ ಬಂದು ಒಂದು ಸಾಲು ಓದಿಸಿದಳು. ಓದು ಕಲಿತದ್ದು ಬಸ್ಸಿನಿಂದಲ್ಲವೇ, ಕಂಡಕ್ಟರ ದನಿಯಲ್ಲೇ ಓದಿದೆ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಪುಸ್ತಕ ಮಾತ್ರ ನನ್ನದಾಯಿತು.

ಅದರಲ್ಲಿ ಅಕ್ಕಿಗೆ ಇಷ್ಟು, ಉದ್ದಿಗೆ ಇಷ್ಟು ಎಂದು ಪಟ್ಟಿ ಇತ್ತು. ಒಂದು ತಿಂಗಳು ಕೂತು ಹಿಟ್ಟು ತೂಗಿ, ಇಡ್ಲಿ ತೂಗಿ, ನನ್ನ ತಟ್ಟೆ ಇಡ್ಲಿಯಲ್ಲಿ ಎಷ್ಟು ಶಕ್ತಿ, ಎಷ್ಟು ಕೊಬ್ಬು, ಮೈ ಬೆಳೆಸುವ ಅಂಶ ಎಷ್ಟು ಎಂದು ಲೆಕ್ಕ ಹಾಕಿದೆ. ದೋಸೆಗೂ ಹಾಕಿದೆ. ಬಸ್ಸಿನ ಬೋರ್ಡು ಬರೆಯುವವನನ್ನೇ ಕರೆದು ಹಳದಿ ಬಣ್ಣದಲ್ಲಿ ಬರೆಸಿ ಗೋಡೆಗೆ ಹಾಕಿಸಿದೆ. ಜಿಲ್ಲೆಯಲ್ಲಿ ಇಂಥ ಬೋರ್ಡು ಇದ್ದ ಹೋಟೆಲು ನನ್ನದೊಂದೇ. ಇದನ್ನು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ.

ಮೊದಲ ದಿನ ಬಂದ ಲಾರಿ ಡ್ರೈವರು ಬೋರ್ಡಿನ ಮುಂದೆ ನಿಂತು ದೋಸೆಯ ದೊಡ್ಡ ಅಂಕಿ ನೋಡಿದ, ಇಡ್ಲಿಯ ಸಣ್ಣ ಅಂಕಿ ನೋಡಿದ. ಎರಡಕ್ಕೂ ಒಂದೇ ರೇಟಾ ಅಕ್ಕ ಅಂದ. ಹೌದು ಅಂದೆ.

"ಟಾಕೀಸಲ್ಲಿ ಬೆಂಚಿಗೂ ಕುರ್ಚಿಗೂ ಒಂದೇ ಟಿಕೀಟು ಅಂದ್ರೆ ಬೆಂಚಿಗೆ ಯಾವನು ಹೋಗ್ತಾನೆ? ದೋಸೆನೇ ಹಾಕು."

ಅವನ ಹಿಂದಿದ್ದವರೂ ದೋಸೆಯನ್ನೇ ಕೇಳಿದರು. ಅವತ್ತು ಉಳಿದ ಇಡ್ಲಿಯನ್ನು ಎರಡು ಹೊತ್ತು ನಾನೇ ತಿಂದೆ, ಪೂರ್ತಿ ಶಕ್ತಿ ನನಗೇ ಬಂತು.

ಕೋರ್ಟಿನ ಗುಮಾಸ್ತರೊಬ್ಬರು ದಿನಾ ಬರುತ್ತಿದ್ದರು. ನನ್ನನ್ನು ಅನ್ನಪೂರ್ಣೇಶ್ವರಿ ಎಂದು ಹೊಗಳದೆ ಎಲೆ ಮುಟ್ಟುತ್ತಿರಲಿಲ್ಲ. ಮೈ ಇಳಿಸಿ ಎಂದು ಡಾಕ್ಟರು ಹೇಳಿದ್ದರಂತೆ. ಎರಡು ಮಸಾಲೆ ದೋಸೆ ಮುಗಿಸಿ, ಬೋರ್ಡನ್ನು ಮೇಲಿಂದ ಕೆಳಗೆ ಓದಿ, ಎಲ್ಲಾ ಕೂಡೋದೇ ಬರ್ದಿದೀರಲ್ಲ, ಕಳೆಯೋ ಅಂಥದ್ದು ಏನೂ ಇಲ್ಲವಾ ತಾಯಿ ಎಂದು ಕೇಳಿದರು.

"ಇದೆ ಸ್ವಾಮಿ. ಮನೆಗೆ ಜಟಕಾ ಬಿಟ್ಟು ನಡ್ಕೊಂಡು ಹೋಗಿ."

ಕುಣಿಗಲ್ಲಿನಿಂದ ಬಂದವನು

ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಕೆಲಸ ಮಾಡುವವನೊಬ್ಬ ಬಸ್ಸು ತಪ್ಪಿ ನನ್ನ ಹೋಟೆಲಿಗೆ ಬಂದ. ಒಳಗೆ ಬಂದವನು ಕೂರಲೇ ಇಲ್ಲ. ತಲೆವಸ್ತ್ರ ತೆಗೆದು ಬೋರ್ಡಿನ ಮುಂದೆ ಕೈಕಟ್ಟಿ ನಿಂತ. ಅಷ್ಟು ಮರ್ಯಾದೆಯಿಂದ ಅದನ್ನು ಓದಿದವರು ಅದುವರೆಗೆ ಯಾರೂ ಇರಲಿಲ್ಲ. ನನಗೆ ಸಂತೋಷವಾಗಿ, ಏನಪ್ಪ, ಅರ್ಥ ಆಯ್ತಾ ಅಂದೆ.

ಆಗದೆ ಏನು, ನಮ್ಮ ಲಾಯದಲ್ಲೂ ಒಂದೊಂದು ಕುದುರೆಗೂ ಹೀಗೇ ಬರೆದು ತಗಲಿ ಹಾಕಿದ್ದಾರೆ ಅಂದ. ಹುರುಳಿ ಇಷ್ಟು, ಬೂಸ ಇಷ್ಟು, ಹುಲ್ಲು ಇಷ್ಟು. ಆಮೇಲೆ ಕೂತು ನಾಲ್ಕು ಇಡ್ಲಿ ತಿಂದ. ಕೈ ತೊಳೆಯುವಾಗ, ನಿಮ್ಮ ಗಿರಾಕಿಗಳು ಬೋರ್ಡು ನೋಡಿ ನೋಡಿ ಯಾಕೆ ಅಷ್ಟು ಯೋಚನೆ ಮಾಡುತ್ತಾರೆ ಎಂದು ಕೇಳಿದ. ತಿನ್ನೋ ಮುಂಚೆ ಲೆಕ್ಕ ನೋಡುತ್ತಾರೆ ಅಂದೆ.

"ಅದೇ ತಪ್ಪಾಗಿರೋದು ಅಮ್ಮಾರೆ. ನಮ್ಮ ಕುದುರೆಗಳ್ಗೆ ಓದಕ್ಕೆ ಬರಲ್ಲ. ಅದ್ಕೇ ನೆಮ್ಮದಿಯಾಗಿ ತಿಂತವೆ."

ಬನ್ನಿನೊಳಗೆ ಏನಿದೆ

ನನ್ನ ಎದುರು ಒಂದು ಬೇಕರಿ ಇತ್ತು. ಬನ್ನು ಸೀಳಿ, ನಡುವೆ ಬೆಣ್ಣೆ ಸಕ್ಕರೆ ಸವರಿ ಕೊಡುತ್ತಿದ್ದರು. ಬಸ್ಸು ಹೊರಡುವ ಮೊದಲು ನಿಂತಲ್ಲೇ ತಿಂದು ಹೋಗುವ ತಿಂಡಿ. ಈ ಬರ್ಗರಿಗೆ ಅದನ್ನು ಸೋದರಮಾವ ಅನ್ನಬಹುದು. ನನ್ನ ಬೋರ್ಡು ಬಂದ ಮೇಲೆ ಅವರ ಗಿರಾಕಿಗಳು, ನಿಮ್ಮ ಬನ್ನಲ್ಲಿ ಏನೇನಿದೆ ಎಂದು ಕೇಳಲು ಶುರು ಮಾಡಿದರು. ಬೇಕರಿಯವರು, ಬನ್ನಲ್ಲಿ ಬನ್ನಿದೆ ಎಂದು ರೇಗಿದರಂತೆ. ಪಕ್ಕದಲ್ಲಿದ್ದ ನಮ್ಮ ಲಾರಿ ಡ್ರೈವರು ಒಂದು ಬನ್ನನ್ನು ಅಂಗೈಯಲ್ಲಿಟ್ಟು ಅಮುಕಿದ. ಅದು ನಾಲ್ಕಾಣೆ ಬಿಲ್ಲೆಯಷ್ಟು ತೆಳ್ಳಗಾಯಿತು.

"ಗಾಳಿ ಅಂತ ಬರ್ಸಿ ಹಾಕಿ ಅಣ್ಣ. ಬೇಕಾದಷ್ಟಿದೆ."

ಬೇಕರಿಯವರಿಗೆ ಅವಮಾನವಾಯಿತು. ನಾನು ಸುಳ್ಳು ಅಂಕಿ ಬರೆಸಿ ಜನರಿಗೆ ಮೋಸ ಮಾಡುತ್ತಿದ್ದೇನೆ ಎಂದು ಅರ್ಜಿ ಬರೆದು ಹಾಕಿದರು.

ಅರ್ಜಿ ಹಿಡಿದುಕೊಂಡು ಹೆಲ್ತ್ ಇನ್‌ಸ್ಪೆಕ್ಟರು ಬಂದರು. ನನ್ನ ಲೈಸೆನ್ಸು ಹೊಸದು ಮಾಡಬೇಕಾದ ತಿಂಗಳು ಅದು. ಆ ಕಾಗದವೂ ಅವರ ಕೈಯಲ್ಲೇ ಇತ್ತು. ಕೆಟ್ಟವರಲ್ಲ, ಸುಸ್ತಾದ ಮನುಷ್ಯ. ಬೋರ್ಡು ಇಳಿಸಿ, ಈಗಲೇ ರುಜು ಹಾಕಿಕೊಟ್ಟು ಹೋಗುತ್ತೇನೆ ಅಂದರು. ಇಳಿಸುವುದಿಲ್ಲ ಅಂದೆ. ಅಂಕಿ ತಪ್ಪಿದ್ದರೆ ಲೈಸೆನ್ಸು ಸಿಗುವುದಿಲ್ಲ, ಹೋಟೆಲು ಮುಚ್ಚಬೇಕಾಗುತ್ತದೆ ಅಂದರು. ತಪ್ಪಿದ್ದರೆ ತಾನೆ ಅಂದೆ. ಅವರು ಹಣೆ ಒರೆಸಿಕೊಂಡು ಕೇಳಿದರು.

"ಎಷ್ಟನೇ ಕ್ಲಾಸು ಓದಿದೀಯಮ್ಮ ನೀನು?"

"ಬಸ್ ಸ್ಟ್ಯಾಂಡು ಪಾಸು ಸ್ವಾಮಿ."

ಸೋಮವಾರ ಎಲ್ಲರ ಎದುರು ತೂಗಿ ನೋಡುವುದೆಂದು ನಿಶ್ಚಯವಾಯಿತು.

ಅಕ್ಕಸಾಲಿಯ ತಕ್ಕಡಿ

ಸೋಮವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇಕರಿಯವರು ಮುಂದಿನ ಬೆಂಚಿನಲ್ಲೇ ಕೂತಿದ್ದರು. ಇನ್‌ಸ್ಪೆಕ್ಟರು ಹೊಸದಾಗಿ ಬಂದಿದ್ದ ಗ್ರಾಮಿನ ತೂಕದ ಬಟ್ಟುಗಳನ್ನು ತಂದು ಅಕ್ಕಿ, ಉದ್ದು, ಹಿಟ್ಟು, ಬೆಂದ ಇಡ್ಲಿ ಎಲ್ಲ ತೂಗಿದರು. ಪುಸ್ತಕ ತೆಗೆದು ಗುಣಿಸಿದರು. ಎರಡನೇ ಸಲ ಗುಣಿಸಿದರು. ನನ್ನ ಅಂಕಿ ಸರಿಯಾಗಿತ್ತು. ಮೊದಲ ಸಲ ಅವರೇ ತಪ್ಪಿದ್ದರು, ಅದನ್ನೂ ತೋರಿಸಿಕೊಟ್ಟೆ.

ಆಗ ಬೇಕರಿಯವರು ಎದ್ದು ನಿಂತು, ಅದರ ಮೇಲೆ ಬೆಣ್ಣೆ ಹಾಕ್ತಾರಲ್ಲ, ಅದರ ಲೆಕ್ಕ ಎಲ್ಲಿ ಅಂದರು.

ಬೆಣ್ಣೆಯನ್ನು ನಾನು ತೂಗಿದ್ದೇ ಇಲ್ಲ. ಬೆಣ್ಣೆ ಮುಳುಗಿಸಿಟ್ಟ ನೀರಿನ ಬೋಗುಣಿಗೆ ಮೂರು ಬೆರಳು ಹಾಕಿ, ಬಂದಷ್ಟು ತೆಗೆದು ಬಿಸಿ ಇಡ್ಲಿಯ ಮೇಲೆ ಇಡುವುದು ನನ್ನ ಪದ್ಧತಿ. ಇನ್‌ಸ್ಪೆಕ್ಟರು ಯೋಚಿಸಿ, ಸರಿ, ಎಲ್ಲರಿಗೂ ಸುಮಾರು ಒಂದೇ ಸಮ ಬೀಳುತ್ತಿದ್ದರೆ ಅದನ್ನೇ ಬರೆಯೋಣ, ದಿನಾ ಹಾಕುವ ಹಾಗೆ ಹಾಕುತ್ತಾ ಹೋಗಮ್ಮ ಅಂದರು. ಅಷ್ಟು ಸಣ್ಣ ತೂಕ ಅವರ ತಕ್ಕಡಿಯಲ್ಲಿ ನಿಲ್ಲಲಿಲ್ಲ. ಪಕ್ಕದ ಅಂಗಡಿಯ ಅಕ್ಕಸಾಲಿಯನ್ನು ಚಿನ್ನ ತೂಗುವ ತಕ್ಕಡಿ ಸಮೇತ ಕರೆಸಿದರು.

ನಾನು ತೆಗೆದ ಒಂದೊಂದು ಮುದ್ದೆಯನ್ನೂ ಅವನು ತಟ್ಟೆಗೆ ಹಾಕಿ, ಉಸಿರು ಬಿಗಿಹಿಡಿದು ತೂಕ ಕೂಗುತ್ತಿದ್ದ. ಕೂಗಿ ಆದ ಮೇಲೆ ತಟ್ಟೆಗೆ ಅಂಟಿದ್ದನ್ನು ಬೆರಳಲ್ಲಿ ಬಳಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಇನ್‌ಸ್ಪೆಕ್ಟರು ಗದರಿದರೆ, ತೂಗಿದವನಿಗೆ ಉದುರಿದ್ದು ಸೇರ್ಬೇಕು ಬುದ್ಧಿ, ನಮ್ಮ ಕಸುಬಲ್ಲಿ ಅಜ್ಜನ ಕಾಲದಿಂದ ಹಂಗೇ ಅಂದ.

ಲಾರಿ ಡ್ರೈವರಿಗೆ ಇಟ್ಟ ಬೆಣ್ಣೆ ಎರಡು ತೊಲ ಬಂತು. ಅನ್ನಪೂರ್ಣೇಶ್ವರಿ ಎನ್ನುತ್ತಿದ್ದ ಗುಮಾಸ್ತರದು ಮುಕ್ಕಾಲು ತೊಲ. ಅವರ ಮುಖ ಸಣ್ಣದಾಯಿತು. ದಿನಾ ಇಷ್ಟೇನಾ ತಾಯಿ ಅಂದರು. ನಾನು ಮತ್ತೆ ಬೋಗುಣಿಗೆ ಬೆರಳು ಹಾಕಿದೆ.

ಮುಂದಿನವರು ಪೆನ್ಷನ್ ಮೇಷ್ಟ್ರು. ನನಗೂ ಅವರಿಗೂ ದಿನಾ ಜಗಳ. ಪೇಪರು ನಾನು ತರಿಸುತ್ತಿದ್ದೆ, ಮೊದಲು ಅವರು ಓದುತ್ತಿದ್ದರು. ನಾನು ಓದಿ ಏನಾದರೂ ಹೇಳಿದರೆ, ನಿನಗೇನು ಗೊತ್ತು ಕೂತ್ಕೊಳ್ಳಮ್ಮ ಅನ್ನುತ್ತಿದ್ದರು, ನಾನು ಬಿಡುತ್ತಿರಲಿಲ್ಲ. ಚಟ್ನಿಗೆ ಉಪ್ಪು ಜಾಸ್ತಿ, ಇಡ್ಲಿ ತಣ್ಣಗಿದೆ, ಎಲ್ಲದಕ್ಕೂ ತಕರಾರು. ಅವರ ಮುದ್ದೆಯನ್ನು ಅಕ್ಕಸಾಲಿ ಎರಡು ಸಲ ತೂಗಿದ.

"ಮೂರೂಕಾಲು ತೊಲ."

ಮೇಷ್ಟ್ರು ಬೆಣ್ಣೆಯನ್ನೂ ನನ್ನನ್ನೂ ಒಂದು ಸಲ ನೋಡಿ ಕನ್ನಡಕ ಒರೆಸಿಕೊಳ್ಳತೊಡಗಿದರು. ಜಗಳ ಆಡುವಾಗ ಕೈ ಜೋರಾಗಿ ಓಡುತ್ತದೆ, ಅಷ್ಟೇ ಎಂದು ನಾನು ಹೇಳಿದೆ. ನಿಜ ಏನೆಂದರೆ, ಓದು ಬಲ್ಲವರ ಹತ್ತಿರ ಆಡುವ ಹಾಗೆ ನನ್ನ ಹತ್ತಿರ ಜಗಳ ಆಡುತ್ತಿದ್ದವರು ಆ ಊರಲ್ಲಿ ಅವರೊಬ್ಬರೇ. ಅದು ನನ್ನ ಬೆರಳಿಗೆ ಗೊತ್ತಿತ್ತು, ನನಗೆ ಅವತ್ತಷ್ಟೇ ಗೊತ್ತಾಯಿತು.

ಕೊನೆಗೆ ಇನ್‌ಸ್ಪೆಕ್ಟರೇ ಎಲೆ ಒಡ್ಡಿದರು. ಅವರ ಬೆಣ್ಣೆ ಹಾಕಿ ಅಕ್ಕಸಾಲಿ ಬಹಳ ಹೊತ್ತು ಬಗ್ಗಿ ನೋಡಿದ.

"ಮುಳ್ಳು ಅಲ್ಲಾಡ್ತಾನೇ ಇಲ್ಲ ಬುದ್ಧಿ."

ಮಂಗಳವಾರದ ಜಗಳ

ಇನ್‌ಸ್ಪೆಕ್ಟರು ಕಾಗದ ಮಡಿಸಿದರು. ನಾಳೆಯಿಂದ ಎಲ್ಲರಿಗೂ ಒಂದೇ ತೂಕ ಹಾಕು, ಇಲ್ಲವೇ ಬೋರ್ಡು ಇಳಿಸು ಅಂದರು. ಬೆಣ್ಣೆಯನ್ನು ತೂಗಿ ಹಾಕಿದರೆ ಅದು ಹೋಟೆಲಲ್ಲ, ಔಷಧಿ ಅಂಗಡಿ. ತೂಗುವುದೂ ಇಲ್ಲ, ಇಳಿಸುವುದೂ ಇಲ್ಲ ಅಂದೆ. ಅವರು ಲೈಸೆನ್ಸು ಕಾಗದ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಅಷ್ಟು ವರ್ಷ ಒಬ್ಬಳೇ ಕಟ್ಟಿದ ಹೋಟೆಲು ಒಂದು ಬೆರಳು ಬೆಣ್ಣೆಗೆ ಹೋಯಿತಲ್ಲ ಎಂದು ಹಿಟ್ಟು ರುಬ್ಬುತ್ತಾ ಅತ್ತೆ. ಬೋರ್ಡನ್ನು ಮಾತ್ರ ಮುಟ್ಟಲಿಲ್ಲ.

ಮಂಗಳವಾರ ಬೆಳಗ್ಗೆ ಮೊದಲು ಬಂದವರು ಗುಮಾಸ್ತರು. ಅನ್ನಪೂರ್ಣೇಶ್ವರಿ ಅನ್ನಲಿಲ್ಲ. ಕೂತವರೇ ಮೇಜು ಗುದ್ದಿ, ಈ ಚಟ್ನಿ ಮನುಷ್ಯರು ತಿನ್ನೋದಾ ಅಂದರು. ಚಟ್ನಿ ಇನ್ನೂ ಬಡಿಸಿಯೇ ಇರಲಿಲ್ಲ. ಲಾರಿ ಡ್ರೈವರು, ನಿನ್ನ ಇಡ್ಲಿ ಲಾರಿ ಚಕ್ರಕ್ಕೆ ಅಡ್ಡ ಇಡೋಕೆ ಸರಿ ಅಕ್ಕ, ತಪ್ಪು ತಿಳ್ಕೋಬೇಡ ಅಂದ. ಅಕ್ಕಸಾಲಿ ಬೈಯಲು ಏನೂ ತೋಚದೆ, ಗೋಡೆಗೆ ಸುಣ್ಣ ಹೊಡೆಸಿಲ್ಲ ನೀನು ಅಂದ. ಜಗಳ ಆಡಿದರೆ ಬೆಣ್ಣೆ ಹೆಚ್ಚು ಬೀಳುತ್ತದೆ ಎಂಬ ಸುದ್ದಿ ಶಿರಾ ಗೇಟಿಗೆಲ್ಲ ಹರಡಿತ್ತು. ಬೇಕರಿಯವರೂ ಬಂದಿದ್ದರು, ಅವರು ಮೊದಲೇ ಜಗಳ ಆಡಿದ್ದರಿಂದ ಸುಮ್ಮನೆ ಎಲೆ ಹಾಕಿಕೊಂಡು ಕೂತರು. ಮೇಷ್ಟ್ರು ಒಬ್ಬರೇ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ತಗ್ಗಿದ ದನಿಯಲ್ಲಿ, ಇಡ್ಲಿ ಚೆನ್ನಾಗಿದೆಯಮ್ಮ ಅಂದರು. ನನಗೆ ಮೈಯೆಲ್ಲ ಉರಿಯಿತು.

ಆ ಗಲಾಟೆಯ ನಡುವೆ ಇನ್‌ಸ್ಪೆಕ್ಟರು ಒಳಗೆ ಬಂದರು. ಅವರು ಬೋರ್ಡು ನೋಡಿದರು, ಅದು ಅಲ್ಲೇ ಇತ್ತು. ಕೂತರು. ಇಡ್ಲಿ ತಂದಿಟ್ಟೆ. ಒಂದು ತುತ್ತು ಬಾಯಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಏನಮ್ಮ, ಇದನ್ನ ಇಡ್ಲಿ ಅಂತಾರಾ?"

ಮುಗಿಯಿತು, ಲೈಸೆನ್ಸು ಹೋಯಿತು ಎಂದುಕೊಂಡೆ. ಆಮೇಲೆ ನೋಡಿದರೆ, ಅವರ ಎಡಗೈ ರುಜು ಹಾಕಿದ ಕಾಗದವನ್ನು ಮೇಜಿನ ಮೇಲೆ ಇಟ್ಟಾಗಿತ್ತು. ಬಲಗೈ ಎಲೆಯನ್ನು ಬೆಣ್ಣೆಯ ಬೋಗುಣಿಯ ಕಡೆಗೆ ಮೆಲ್ಲಗೆ ತಳ್ಳುತ್ತಿತ್ತು.