ಮಧುರಾವತಿಯ ದಂತ ಸಮೀಕ್ಷೆ

ಬಹಳ ಹಿಂದೆ, ಹಲ್ಲುಜ್ಜಲು ಇದ್ದಿಲೇ ಗತಿಯಾಗಿದ್ದ ಕಾಲದಲ್ಲಿ, ಮಧುರಾವತಿ ಎಂಬ ರಾಜ್ಯವಿತ್ತು. ಶುಭವಾರ್ತೆ ಬಂದಾಗಲೆಲ್ಲ ಮಕ್ಕಳ ಬಾಯಿಗೆ ಲಾಡು ಹಾಕುವುದು ಅಲ್ಲಿನ ಪದ್ಧತಿ. ಬೇರೆ ವಾರ್ತೆ ತಂದವರಿಗೆ ಅರಮನೆಯ ಬಾಗಿಲು ತೆರೆಯುತ್ತಿರಲಿಲ್ಲವಾದ್ದರಿಂದ ಮಹಾರಾಜ ಮಧುರಸೇನರಿಗೆ ದಿನವೂ ಶುಭವಾರ್ತೆಯೇ. ಪಾಠಶಾಲೆಗಳಲ್ಲಿ ದಿನವೂ ಲಾಡೇ. ತಿಂದ ಮೇಲೆ ಬಾಯಿ ಮುಕ್ಕಳಿಸುವಂತಿಲ್ಲ. ರಾಜಪ್ರಸಾದವನ್ನು ಉಗುಳುವುದು ರಾಜದ್ರೋಹದ ನಾಲ್ಕನೆಯ ಕಲಮು.

ಮಹಾರಾಣಿಯ ಜಡೆ ಹೆಣೆಯುವ ನೀಲಾಂಬೆಗೆ ತುಂಗಿ ಎಂಬ ಆರು ವರ್ಷದ ಮಗಳಿದ್ದಳು. ಮಗುವಿನ ಎಡದವಡೆಯ ಹಲ್ಲು ಕಂದಾಯಿತು, ಕಪ್ಪಾಯಿತು, ಕೊನೆಗೆ ಎಳ್ಳುಕಾಳು ಹಿಡಿಯುವಷ್ಟು ಕುಳಿಯಾಯಿತು. ತುಂಗಿ ಅನ್ನವನ್ನೂ ಬಲಗಡೆಯಲ್ಲೇ ಅಗಿಯುತ್ತಿದ್ದಳು. ನೀಲಾಂಬೆ ಇಪ್ಪತ್ತು ವರ್ಷ ಪರರ ಕೂದಲಿನ ಸಿಕ್ಕು ಬಿಡಿಸಿದವಳು. ತನ್ನೊಳಗಿನ ಮಾತನ್ನು ಮಾತ್ರ ಯಾರೆದುರೂ ಬಿಚ್ಚಿದವಳಲ್ಲ. ಬಲಗಡೆಯೂ ಕಪ್ಪು ಚುಕ್ಕೆ ಕಂಡ ದಿನ ಅವಳ ಕಾಲುಗಳು ಅವಳನ್ನು ಕೇಳದೆಯೇ ಆಸ್ಥಾನಕ್ಕೆ ನಡೆದವು.

“ಮಹಾಸ್ವಾಮಿ, ಲಾಡು ಬೇಡ ಅಂತಿಲ್ಲ. ತಿಂದ್ಮೇಲೆ ಒಂದು ಲೋಟ ನೀರಲ್ಲಿ ಬಾಯಿ ಮುಕ್ಕಳಿಸೋಕೆ ಬಿಡಿ. ಮಕ್ಕಳ ಹಲ್ಲೆಲ್ಲ ಹುಳುಕಾಗ್ತಿದೆ.”

ಮಹಾರಾಜರ ಕಣ್ಣು ತುಂಬಿತು. “ನಮ್ಮ ರಾಜ್ಯದಲ್ಲಿ ಹುಳುಕೇ? ಮಹಾಮಂತ್ರಿಗಳೇ, ಇದೆಯೋ, ಇಲ್ಲವೋ?”

“ತಮ್ಮ ಚಿತ್ತದಲ್ಲಿ ಹೇಗಿದೆಯೋ ಹಾಗಿದೆ, ಪ್ರಭೂ,” ಎಂದರು ಮಹಾಮಂತ್ರಿ ವಿನಯಭಟ್ಟಾರಕರು. “ಆದರೂ ಡೇಟಾ ತರಿಸೋಣ.”

ಮೊದಲ ಸಮೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಮೂರು ಮಕ್ಕಳಿಗೆ ಹುಳುಕು ಕಂಡಿತು. ಕೈಬರಹ ಅಂದವಾಗಿಲ್ಲವೆಂದು ವರದಿ ಹಿಂದಿರುಗಿತು. ಎರಡನೆಯದರಲ್ಲಿ ಮಕ್ಕಳು ಬಾಯಿ ಮುಚ್ಚಿಕೊಂಡೇ ತಪಾಸಣೆಗೆ ಸಹಕರಿಸಬೇಕೆಂದು ಸುತ್ತೋಲೆ ಹೊರಟಿತು. ಆದರೆ ಕೆಲವರು ನೋವಿಗೆ ಅತ್ತು ಬಾಯಿ ತೆರೆದುಬಿಟ್ಟರು. ಮೂರನೆಯದಕ್ಕೆ ಸ್ಯಾಂಪಲ್ಲನ್ನು ವೈಜ್ಞಾನಿಕವಾಗಿ ಪರಿಷ್ಕರಿಸಿ ತೊಟ್ಟಿಲ ಮಕ್ಕಳನ್ನಷ್ಟೇ ಪರೀಕ್ಷಿಸಲಾಯಿತು. ಹುಳುಕು: ಸೊನ್ನೆ.

“ಅವಕ್ಕೆ ಹಲ್ಲೇ ಬಂದಿಲ್ಲವಲ್ಲ, ಸ್ವಾಮಿ?” ಎಂದರು ಮುದಿ ರಾಜವೈದ್ಯರು.

“ಅದೇ ನಮ್ಮ ಸಾಧನೆ, ವೈದ್ಯರೇ! ಮುಂಜಾಗ್ರತೆ ಅಂದರೆ ಮತ್ತೇನು?” ಎಂದರು ಮಹಾಮಂತ್ರಿಗಳು.

“ಆಹಾ! ಬೊಚ್ಚುಬಾಯಿಯೇ ಶುಭ್ರತೆಯ ಪರಾಕಾಷ್ಠೆ!” ಎಂದು ಆಸ್ಥಾನ ಒಕ್ಕೊರಲಿನಿಂದ ಉದ್ಗರಿಸಿತು. ಸಂತೋಷ ತಡೆಯಲಾರದ ಸಾಮಂತನೊಬ್ಬ ತನ್ನ ಎರಡು ಹಲ್ಲುಗಳನ್ನು ಅಲ್ಲೇ ಕಿತ್ತು ರಾಜಪಾದಕ್ಕೆ ಅರ್ಪಿಸಿದ. ಅವು ಕಟ್ಟಿಸಿದ ಹಲ್ಲುಗಳಾಗಿದ್ದವು.

ಇಷ್ಟು ದೊಡ್ಡ ಶುಭವಾರ್ತೆಗೆ ದಿನಕ್ಕೊಂದು ಲಾಡು ಸಾಲದು. ಇನ್ನು ಮುಂದೆ ಮೂರು ಎಂದು ಡಂಗುರ ಹೊಡೆಸಲಾಯಿತು. ಸಮಸ್ಯೆಯನ್ನು ಪ್ರಭುಗಳ ಗಮನಕ್ಕೆ ತಂದು ಅದು ಇಲ್ಲವೆಂದು ಸಾಬೀತಾಗಲು ಕಾರಣಳಾದ ನೀಲಾಂಬೆಗೆ ‘ದಂತಮಾತೆ’ ಬಿರುದು. ಅವಳು ಕೇಳಿದ್ದ ಲೋಟವೂ ಮಂಜೂರಾಗಿ ಪ್ರತಿ ಮನೆಗೆ ಒಂದೊಂದು ತಲುಪಿತು. ಮೇಲೆ ಮಹಾರಾಜರ ಭಾವಚಿತ್ರವಿದ್ದುದರಿಂದ ಅದಕ್ಕೆ ನೀರು ತಾಗಿಸುವಂತಿರಲಿಲ್ಲ.

ಬಿರುದು ನೀಡುವ ಮಹೋತ್ಸವದ ದಿನ ಹಲ್ಲಿನಾಕಾರದ ಬೆಳ್ಳಿಯ ಕಿರೀಟ ನೀಲಾಂಬೆಯ ತಲೆಗೇರಿತು. ಕೈಗೆ ಮೊದಲ ಲಾಡು ಬಂತು. ಎದುರಿನ ಸಾಲಿನಲ್ಲಿ ಮೊದಲು ನಿಂತವಳು ತುಂಗಿ. ನೀರು ಕೇಳಲು ಹೋಗಿ ತಾನು ಮಗಳಿಗೆ ತಂದುಕೊಟ್ಟಿದ್ದು ಇದನ್ನೇ ಎಂದು ನೀಲಾಂಬೆಗೆ ಹೊಳೆದು, ಲಾಡನ್ನು ಅಲ್ಲೇ ಎಸೆದುಬಿಡಲೇ ಅನ್ನಿಸಿತು. ಬೆರಳು ಸಡಿಲಿಸಿದಳು ಕೂಡ.

ಮಹಾರಾಣಿ ಪಕ್ಕಕ್ಕೆ ಬಂದು ಅವಳ ಕೈಯನ್ನು ಮೆಲ್ಲಗೆ ಒತ್ತಿ ಹಿಡಿದರು. “ಇಟ್ಬಿಡೇ ನೀಲಾ. ಅವರಿಗೆ ಬೇಜಾರಾದ್ರೆ ಮನೆ ಮನೆಯಾಗಿ ಉಳಿಯಲ್ಲ.”

ಹಾಗೆನ್ನುವಾಗ ಮಹಾರಾಣಿಯ ಬಾಯಿಂದ ಲವಂಗದೆಣ್ಣೆಯ ವಾಸನೆ ಬಂತು. ನೀಲಾಂಬೆ ತಿರುಗಿ ನೋಡಿದಳು. ಮಹಾರಾಣಿ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಪ್ರಜೆಗಳತ್ತ ನಗುತ್ತಿದ್ದರು.

ಕಹಳೆಗಳು ಮೊಳಗಿದವು. ಹೂಮಳೆಯಾಯಿತು. ರಾಜ್ಯದ ತಾಯಂದಿರೆಲ್ಲ ತಮ್ಮ ತಮ್ಮ ಮಕ್ಕಳ ಗಲ್ಲ ಹಿಡಿದು ಸಿದ್ಧರಾದರು. ತುಂಗಿ ಬಾಯಿ ತೆರೆದು, ಅಮ್ಮನ ಕಿರೀಟವನ್ನು ಹೆಮ್ಮೆಯಿಂದ ನೋಡುತ್ತ ಪಿಸುಗುಟ್ಟಿದಳು:

“ನಡುವೆ ಇಡಮ್ಮಾ. ಅಲ್ಲಿ ಇನ್ನೂ ನೋವಿಲ್ಲ.”