ಅತ್ತೆ ಅಂಗಡಿ

ಚಳಿ ಬಿಡುತ್ತಿದ್ದ ಕಾಲ, ಬೆಳಗಿನ ಕಾಫಿಯ ಹೊತ್ತು. ಹೆಂಡತಿ ಎರಡು ರೈಲು ಟಿಕೆಟ್ಟು ತಂದು ದೊಡ್ಡಣ್ಣನ ಲೋಟದ ಪಕ್ಕ ಇಟ್ಟಳು.

“ನಾಳೆ ಶನಿವಾರ. ಸಮುದ್ರ ತೋರಿಸ್ತೀನಿ ಅಂತ ನಮ್ಮ ಮದುವೆ ದಿನ ಹೇಳಿದ್ರಿ. ಮಗಳ ಮದುವೆನೂ ಆಗೋಯ್ತು. ಈ ಸಲ ನೀವು ಬರದಿದ್ರೆ ನಿಮ್ಮ ಸೀಟಲ್ಲಿ ಅಮ್ಮನ್ನ ಕೂರಿಸ್ಕೊಂಡು ಹೋಗ್ತೀನಿ.”

“ಬರ್ತೀನಿ ಕಣೇ!”

ದೊಡ್ಡಣ್ಣ ಎಂಬುದು ಬ್ರೆಡ್ ಕಾರ್ಖಾನೆಯ ಆಫೀಸಿನವರು ಇಟ್ಟ ಹೆಸರು. ಯಾವ ವ್ಯಾನು ಯಾವ ಅಂಗಡಿಗೆ ಎಷ್ಟು ಬ್ರೆಡ್ಡು ಒಯ್ಯಬೇಕೆಂದು ಹೇಳುವ ಕಂಪ್ಯೂಟರ್ ಪ್ರೋಗ್ರಾಮನ್ನು ಅವನು ಮೀಸೆ ಕಪ್ಪಗಿದ್ದ ಕಾಲದಲ್ಲೇ ಬರೆದಿದ್ದ. ಅದರ ಭಾಷೆ ಈಗ ಅವನೊಬ್ಬನನ್ನು ಬಿಟ್ಟರೆ ಅಲ್ಲಿ ಯಾರಿಗೂ ಬಾರದು. ಹಾಗಾಗಿ ರಜ ಅವನಿಗೆ ಕನ್ನಡಿಯೊಳಗಿನ ಗಂಟು.

ಅಂದು ಮ್ಯಾನೇಜರು ದಾರಿಯೊಂದನ್ನು ತೋರಿಸಿದರು. “ಹಳೇದರ ಒಳಗುಟ್ಟು ನಿಮಗೇ ಗೊತ್ತು. ಅದನ್ನ ಈ ಹುಡುಗರಿಗೆ ಬರೋ ಹೊಸ ಭಾಷೆಲಿ ಬರೆದುಕೊಡಿ. ಸಂಜೆಯೊಳಗೆ ಮುಗಿದ್ರೆ ಇದನ್ನ ಅವರು ನೋಡ್ಕೋತಾರೆ, ನೀವು ಸಮುದ್ರ ನೋಡ್ಕೊಳ್ಳಿ.”

“ಒಲೆ ಬದಲಾದ್ರೆ ಅಡುಗೆ ಮರೆತುಹೋಗುತ್ತಾ ಸಾರ್?” ಎಂದು ದೊಡ್ಡಣ್ಣ ಅಂಗಿಯ ತೋಳು ಮಡಚಿ ಕುಳಿತ.

ಹೊಸ ಭಾಷೆಯನ್ನು ನಿಜಕ್ಕೂ ಬೇಗ ಕಲಿತ. ಹಳೆಯ ಮನೆಯ ಸಾಮಾನನ್ನು ಹೊಸ ಮನೆಯಲ್ಲಿ ಜೋಡಿಸುವವನ ಹಾಗೆ, ಇದು ಇಲ್ಲಿ, ಅದು ಅಲ್ಲಿ ಎಂದು ಸರಸರನೆ ಇಡುತ್ತಾ ಹೋದ. ಲೆಕ್ಕ ವಿಭಾಗದವನು ಬಂದು ಬೆನ್ನ ಹಿಂದೆ ನಿಂತ.

“ನಮ್ಮ ಷಡ್ಕ ಇದೇ ಭಾಷೆ ಕಲಿಯೋಕೆ ಹೋಗಿ ಕೂದಲೆಲ್ಲ ಉದುರಿಸ್ಕೊಂಡ.”

“ನನಗೆ ಆ ಭಯ ಇಲ್ಲ ಬಿಡು,” ಎಂದು ದೊಡ್ಡಣ್ಣ ಬೋಳುತಲೆ ಸವರಿಕೊಂಡ.

ಪಕ್ಕದ ಮೇಜಿನ ಹುಡುಗಿ ಬಲು ಚುರುಕು, ಎಲ್ಲರೂ ಮಿಂಚು ಎನ್ನುತ್ತಿದ್ದರು. ಅವಳೂ ಇಣುಕಿದಳು. “ಅಣ್ಣಾ, ಸಣ್ಣ ಸಣ್ಣ ತುಂಡು ಮಾಡಿ ಬರೀಬೇಕು. ಹೆಸರು ನೋಡಿದ್ರೇ ಏನೂಂತ ತಿಳೀಬೇಕು.”

“ಓಡೋದು ಮುಖ್ಯ ಅಲ್ವೇನಮ್ಮ?”

ಒಳಗೆ ಜಾಗ ಕಮ್ಮಿಯಿದ್ದ ಹಳೆಯ ಕಂಪ್ಯೂಟರುಗಳಲ್ಲಿ ಕೆಲಸ ಕಲಿತವನು, ಎಲ್ಲದಕ್ಕೂ ಒಂದೊಂದೇ ಅಕ್ಷರದ ಹೆಸರಿಟ್ಟು ರೂಢಿ. ಇಲ್ಲಿಯೂ ಹಾಗೇ ಬರೆದ, ಮಧ್ಯಾಹ್ನದ ವ್ಯಾನುಗಳನ್ನು ಹೊಸ ಪ್ರೋಗ್ರಾಮಿನ ಮಾತಿನಂತೆಯೇ ಕಳಿಸಿದ.

ಸ್ವಲ್ಪ ಹೊತ್ತಿಗೆ ಅಂಗಡಿಯವನೊಬ್ಬನ ಫೋನು ಬಂತು. “ರೀ, ನಿಮ್ಮ ವ್ಯಾನು ನನ್ನ ಅಂಗಡಿ ಮುಂದೆ ಹಾರ್ನ್ ಹೊಡ್ಕೊಂಡು ಹೊರಟುಹೋಯ್ತು! ನಾನು ಬದುಕಿದ್ದೀನೋ ಇಲ್ವೋ ಅಂತಾದ್ರೂ ಇಳಿದು ನೋಡ್ಬಾರ್ದಾ?”

ಪಟ್ಟಿಯ ಮೊದಲ ಅಂಗಡಿ ಅದು. ಹಳೆಯ ಭಾಷೆ ಒಂದರಿಂದ ಎಣಿಸುತ್ತಿತ್ತು, ಹೊಸದು ಸೊನ್ನೆಯಿಂದ. ಸೊನ್ನೆಯ ಜಾಗದಲ್ಲಿ ಕುಳಿತಿದ್ದ ಅಂಗಡಿಯನ್ನು ದೊಡ್ಡಣ್ಣ ಅಭ್ಯಾಸಬಲದಿಂದ ಹಾರಿಸಿಬಿಟ್ಟಿದ್ದ. ಒಂದೊಂದು ಸಾಲನ್ನೂ ತಿದ್ದುತ್ತಾ ಕೂರಲು ಹೊತ್ತಿಲ್ಲ. ಬೆಳಿಗ್ಗೆ ಹೆಂಡತಿ ಆಡಿದ ಮಾತು ನೆನಪಾಯಿತೋ ಏನೋ, ಲೋಕದಲ್ಲೇ ಇಲ್ಲದ ಅಂಗಡಿಯೊಂದಕ್ಕೆ ‘ಅತ್ತೆ ಅಂಗಡಿ’ ಎಂದು ಹೆಸರಿಟ್ಟು ಸೊನ್ನೆಯ ಜಾಗದಲ್ಲಿ ಕೂರಿಸಿದ. ಉಳಿದ ಅಂಗಡಿಗಳೆಲ್ಲ ಒಂದರಿಂದ ಸಾಲಾಗಿ ನಿಂತವು. ಮೊದಲ ಅಂಗಡಿಗೆ ಬ್ರೆಡ್ಡೂ ಹೋಯಿತು.

ಸಂಜೆ ಎಲ್ಲವೂ ಗಡಿಯಾರದ ಹಾಗೆ ಓಡಿತು. ಮ್ಯಾನೇಜರು ಬೆನ್ನು ತಟ್ಟಿದರು. “ಮಿಂಚು, ಇನ್ನು ಇದು ನಿಮ್ಮದು. ನೋಡ್ಕೊಳ್ಳಮ್ಮ.”

ಮಿಂಚು ನೋಡಿದಳು. ಮತ್ತೆ ನೋಡಿದಳು.

“ಅಣ್ಣಾ, ‘ವ’ ಅಂದ್ರೆ ವ್ಯಾನಾ?”

“ಅಲ್ಲ, ಬ್ರೆಡ್ಡು. ವ್ಯಾನು ‘ಕ’.”

“ಈ ಅತ್ತೆ ಅಂಗಡಿ ಎಲ್ಲಿದೆ?”

“ಎಲ್ಲೂ ಇಲ್ಲ. ಆದ್ರೆ ಅದನ್ನ ಮುಟ್ಟಬೇಡಿ. ತೆಗೆದ್ರೆ ಎಲ್ಲಾ ಕೆಡುತ್ತೆ.”

ಮಿಂಚು ಕುರ್ಚಿ ಹಿಂದಕ್ಕೆ ಸರಿಸಿದಳು. “ಸಾರ್, ಭಾಷೆ ನಮ್ಮದೇ. ಆದ್ರೆ ಇದು ದೊಡ್ಡಣ್ಣನ್ನ ಬಿಟ್ಟು ಬೇರೆ ಯಾರಿಗೂ ಅರ್ಥ ಆಗಲ್ಲ.”

ಮ್ಯಾನೇಜರು ಬಗ್ಗಿ ಪರದೆಯನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. “ಹಳೇದು ನಿಮಗೊಬ್ಬರಿಗೇ ಬರ್ತಿತ್ತು. ಈಗ ಹೊಸದೂ ನಿಮಗೊಬ್ಬರಿಗೇ. ಇನ್ನು ನಿಮ್ಮನ್ನ ಹೇಗೆ ಕಳಿಸಲಿ ದೊಡ್ಡಣ್ಣ?”

ಮನೆಯಲ್ಲಿ ಹೆಂಡತಿ ಅವನ ಮುಖ ನೋಡಿದಳು. “ಅಮ್ಮ ಬೆಳಿಗ್ಗೇನೇ ಬಟ್ಟೆ ಜೋಡಿಸಿಟ್ಟಿದಾಳೆ,” ಎಂದಷ್ಟೇ ಅಂದಳು.

ಶನಿವಾರ ಬೆಳಿಗ್ಗೆ ಹೆಂಡತಿ ಸಮುದ್ರಕ್ಕೆ ಹೊರಟಳು. ಪಕ್ಕದಲ್ಲಿ, ದೊಡ್ಡಣ್ಣನ ಜಾಗದಲ್ಲಿ ಕೂತು, ಅತ್ತೆಯೂ ಹೊರಟರು.